ಏಳು ಪೆಟ್ಟಿಗೆ, ಮೂರು ಕೊಟೇಶನ್

ಒದ್ದೆ ಹೊದಿಕೆಯ ಒಂದು ತುದಿ ಅಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಅಕ್ಕನ ಕೈಯಲ್ಲಿ. ಎದುರುಬದುರು ನಿಂತು ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಚಬೇಕು. ಆಗ ಹೊದಿಕೆ ಹಗ್ಗದ ಹಾಗೆ ಬಿಗಿಯಾಗಿ ನೀರೆಲ್ಲ ಬಚ್ಚಲಿಗೆ ಸುರಿಯುತ್ತದೆ. ಇನ್ನು ಎರಡೇ ಸುತ್ತು ಬಾಕಿ ಎನ್ನುವಾಗ ಕರೆಗಂಟೆ ಹೊಡೆದುಕೊಂಡಿತು. ಅಕ್ಕ ಹಿಂದಕ್ಕೆ ತಿರುಗಿದಳು, ತುದಿ ಕೈಜಾರಿತು, ಹೊದಿಕೆ ಸರ್ರನೆ ಬಿಚ್ಚಿಕೊಂಡು ಅಮ್ಮನ ಮುಖಕ್ಕೆ ಒಂದಿಷ್ಟು ನೀರೆರಚಿ ನೆಲ ಸೇರಿತು. ಒಳಗೆ ಆಗಷ್ಟೇ ಕಣ್ಣು ಮುಚ್ಚಿದ್ದ ಪಾಪು ಎದ್ದು ರಾಗ ತೆಗೆಯಿತು.

"ಎ.ಸಿ. ರಿಪೇರಿಯವರು ಇರ್ಬೇಕು," ಎಂದಳು ಅಮ್ಮ ಮುಖ ಒರೆಸಿಕೊಳ್ಳುತ್ತ. "ಹತ್ತು ಗಂಟೆಗೆ ಬರ್ತೀನಿ ಅಂದೋರು ಏಳೂವರೆಗೇ ಬಂದ್ರಲ್ಲ, ಪುಣ್ಯಾತ್ಮರು!"

ಅಕ್ಕನಿಗೆ ಒಂಬತ್ತು ವರ್ಷ. ಆದರೆ ಅಕ್ಕ ಆಗಿ ಮೂರೇ ತಿಂಗಳು. ಅದಕ್ಕೆ ಮೊದಲು ಅವಳು ಮನೆಯವರಿಗೆಲ್ಲ ಪುಟ್ಟಿ. 'ಪುಟ್ಟಿ, ಅದನ್ನ ಮುಟ್ಟಬೇಡ', 'ಪುಟ್ಟಿ, ದೊಡ್ಡೋರು ಮಾತಾಡೋವಾಗ ಸುಮ್ನಿರು', 'ಪುಟ್ಟಿಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ'. ಪಾಪು ಹುಟ್ಟಿದ ದಿನ ಅಜ್ಜಿ ಅವಳ ಗಲ್ಲ ಹಿಡಿದು, "ಇವತ್ತಿಂದ ನೀನು ಪುಟ್ಟಿ ಅಲ್ಲ ಕಣೇ, ಅಕ್ಕ" ಎಂದುಬಿಟ್ಟಳು. ಮನೆಯವರೆಲ್ಲ ಹಾಗೆಯೇ ಕರೆಯತೊಡಗಿದರು. ಬಡ್ತಿಯ ಜೊತೆ ಅಧಿಕಾರವೂ ಬಂತು. ಪಾಪುವಿನ ಬಟ್ಟೆ ಮಡಚುವುದು ಅವಳದು, ಹಾಲಿನವನಿಗೆ ನಾಳೆ ಎಷ್ಟು ಬೇಕೆಂದು ಹೇಳುವುದು ಅವಳದು. ಈ ಹೆಸರನ್ನು ಯಾರಾದರೂ ವಾಪಸು ತೆಗೆದುಕೊಂಡುಬಿಟ್ಟರೆ ಎಂಬ ಹೆದರಿಕೆ ಮಾತ್ರ ಅವಳಿಗೆ ಒಳಗೊಳಗೇ ಇತ್ತು.

ಮನೆಯಲ್ಲಿ ಇದ್ದದ್ದು ಒಂದೇ ಎ.ಸಿ. ಹತ್ತು ದಿನದಿಂದ ಅದು ಗಾಳಿ ಬಿಡುತ್ತಿತ್ತು, ತಂಪು ಬಿಡುತ್ತಿರಲಿಲ್ಲ. ಹೊರಗೆ ಬಿಸಿಲು ಕೆಂಡ ಕಾರುತ್ತಿತ್ತು. ಪಾಪುವಿನ ಕತ್ತಿನ ಮಡಿಕೆಗಳಲ್ಲಿ, ಬೆನ್ನ ಮೇಲೆ ಬೆವರುಸಾಲೆ ಎದ್ದು ಅದು ರಾತ್ರಿಯಿಡೀ ಅಳುತ್ತಿತ್ತು. ಪಾಪು ಮಲಗದಿದ್ದರೆ ಯಾರೂ ಮಲಗುವ ಹಾಗಿರಲಿಲ್ಲ. ಅಪ್ಪನಿಗೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ, ಬೆಳಗಿನ ನಾಲ್ಕಕ್ಕೇ ಹೊರಡಬೇಕು. ನಿದ್ದೆಗೆಟ್ಟ ಅವನು ಮೊನ್ನೆ ಒಂದೇ ಬಸ್ಸು ಒಂದೇ ಹೊತ್ತಿಗೆ ಎರಡು ಊರಿನಿಂದ ಹೊರಡುವ ಹಾಗೆ ಬರೆದಿದ್ದನಂತೆ. ಅದಕ್ಕೇ ತೀರ್ಮಾನವಾಗಿತ್ತು: ಮೂರು ಜನರನ್ನು ಕರೆಸುವುದು, ಮೂರು ಕೊಟೇಶನ್ ತೆಗೆದುಕೊಳ್ಳುವುದು, ತೂಗಿನೋಡಿ ಒಂದನ್ನು ಆರಿಸುವುದು.

ಬಾಗಿಲಲ್ಲಿ ನಿಂತಿದ್ದವರು ಬಿಳಿ ಮೀಸೆಯ ಹಿರಿಯರು. ಗೋಡೆಯ ಮೇಲಿನ ಮಿಷನ್ನನ್ನು ಕೆಳಗಿನಿಂದಲೇ ನೋಡಿ, "ಅಯ್ಯೋ ಪಾಪ," ಎಂದರು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ಹಾಗೆ. "ಔಟ್‌ಡೋರ್, ಅಂದ್ರೆ ಹೊರಗಿನ ಪೆಟ್ಟಿಗೆ, ಎಲ್ಲಿದೆಯಮ್ಮ?"

"ತಾರಸಿ ಮೇಲೆ," ಎಂದ ಅಮ್ಮ ಒಂದು ಕೈಯಲ್ಲಿ ಪಾಪುವನ್ನು ಎತ್ತಿಕೊಂಡು, ಇನ್ನೊಂದು ಕೈಯಿಂದ ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದಳು. ಆಮೇಲೆ ಅದನ್ನು ಅಕ್ಕನ ಅಂಗೈಯಲ್ಲಿಟ್ಟಳು. "ನೀನೇ ಹೋಗಿ ತೋರಿಸು, ಅಕ್ಕ. ನಮ್ಮದು ಯಾವುದು ಅಂತ ಗೊತ್ತಲ್ವಾ?"

ತಾರಸಿಯ ಬೀಗದ ಕೈ! ಅದು ಇದುವರೆಗೆ ಅವಳ ಕೈಗೆ ಬಂದದ್ದೇ ಇಲ್ಲ.

"ಓ, ಗೊತ್ತು," ಎಂದಳು ಅಕ್ಕ.

ಗೊತ್ತಿರಲಿಲ್ಲ.

ತಾರಸಿಯ ಬಾಗಿಲು ತೆರೆದರೆ ಏಳು ಪೆಟ್ಟಿಗೆಗಳು ಸಾಲಾಗಿ ಕಬ್ಬಿಣದ ಕಾಲುಗಳ ಮೇಲೆ ಕೂತಿದ್ದವು. ಕಟ್ಟಡದಲ್ಲಿ ಆರು ಮನೆ, ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಎಲ್ಲವೂ ಒಂದೇ ಕಂಪನಿಯವು, ಒಂದೇ ಬಣ್ಣದವು, ಒಂದೇ ಜಾಲರಿ ಮುಖದವು. ಏಳರ ಕೊಳವೆಗಳೂ ಒಟ್ಟಾಗಿ ಒಂದೇ ತೂತಿನಲ್ಲಿ ನುಗ್ಗಿ ಗೋಡೆಯೊಳಗೆ ಮಾಯವಾಗಿದ್ದವು. ಯಾರೋ ಯಾವಾಗಲೋ ಮನೆ ನಂಬರು ಬರೆದು ಅಂಟಿಸಿದ್ದ ಚೀಟಿಗಳೆಲ್ಲ ಬಿಸಿಲಿಗೆ ಬಿಳುಚಿ ಖಾಲಿ ಕಾಗದವಾಗಿದ್ದವು.

"ಯಾವುದಮ್ಮ ನಿಮ್ಮದು?"

ಅಕ್ಕ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕೆಳಗೆ ಓಡಿಹೋಗಿ ಕೇಳಿಬರಬಹುದು. ಆದರೆ 'ಓ, ಗೊತ್ತು' ಎಂದು ಹೇಳಿ ಮೂರು ನಿಮಿಷವೂ ಆಗಿರಲಿಲ್ಲ. ಅವಳು ಬುದ್ಧಿ ಓಡಿಸಿದಳು. ಆರು ಪೆಟ್ಟಿಗೆಗಳ ಫ್ಯಾನು ಗಿರಗಿರ ತಿರುಗುತ್ತಿತ್ತು. ಮೂರನೆಯದು ಮಾತ್ರ ಕಮಕ್ ಕಿಮಕ್ ಎನ್ನದೆ ಕೂತಿತ್ತು. ಕೆಟ್ಟಿರುವುದು ನಮ್ಮದು. ಹಾಗಾದರೆ ಸುಮ್ಮನೆ ಕೂತಿರುವುದೇ ನಮ್ಮದು.

"ಇದು," ಎಂದು ಬೊಟ್ಟು ಮಾಡಿದಳು.

ಹಿರಿಯರು ಅದರ ಮೈ ಸವರಿದರು, ಮೇಲೆ ಕುಳಿತ ದೂಳನ್ನು ಊದಿದರು, ಕಿವಿಯಿಟ್ಟು ಕೇಳಿದರು, ಎದ್ದು ನಿಂತು ತಲೆಯಲ್ಲಾಡಿಸಿದರು. ಕೆಳಗೆ ಬಂದವರೇ ಅಮ್ಮನ ಮುಂದೆ ಕೈಕಟ್ಟಿ ನಿಂತು, "ಧೈರ್ಯ ತಗೋಳಿ ಅಮ್ಮ. ಕಂಪ್ರೆಸರ್ ಹೋಗ್ಬಿಟ್ಟಿದೆ," ಎಂದರು.

"ಹೋಗಿದೆ ಅಂದ್ರೆ?"

"ಇಲ್ಲ ಇನ್ನು. ಹೋಗಿ ತಿಂಗಳುಗಟ್ಲೆ ಆಗಿದೆ. ಜೀವದ ಲಕ್ಷಣಾನೇ ಇಲ್ಲ. ಅಯ್ಯೋ ಪಾಪ, ಒಳ್ಳೆ ಕಂಪನಿ." ಹೊಸ ಮಿಷನ್ನೇ ಹಾಕಿಸಬೇಕು, ನಲವತ್ತೆರಡು ಸಾವಿರ ಎಂದು ಚೀಟಿ ಬರೆದುಕೊಟ್ಟು, ಒಂದು ನಿಮಿಷ ಮೌನವಾಗಿ ನಿಂತು, ಹೊರಟುಹೋದರು.

ಕೋಣೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದ ಅಜ್ಜಿ, "ತಿಂಗಳುಗಟ್ಲೆ ಹಿಂದೆ ಸತ್ತಿದ್ರೆ ಹೋದ ತಿಂಗಳು ತಂಪು ಕೊಟ್ಟಿದ್ದು ಅದರ ದೆವ್ವಾನಾ?" ಎಂದಳು.

ಅಕ್ಕ ಬೀಗದ ಕೈಯನ್ನು ಸದ್ದಾಗದ ಹಾಗೆ ಮೊಳೆಗೆ ನೇತುಹಾಕಿದಳು.

ಅಜ್ಜಿ ಅಷ್ಟಕ್ಕೇ ಬಿಡುವವಳಲ್ಲ. "ಎಲ್ಲಾ ನಿನ್ನ ತಮ್ಮ ಕೊಡಿಸಿದ್ದರ ಪ್ರಭಾವ ಕಣಮ್ಮ," ಎಂದು ಸೊಸೆಗೊಂದು ಚುಚ್ಚಿದಳು. ಅಮ್ಮನ ತಮ್ಮ, ಅಂದರೆ ಅಕ್ಕನ ಮಾವ, ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದ. ಆರು ವರ್ಷದ ಹಿಂದೆ ಇಡೀ ಕಟ್ಟಡಕ್ಕೆ ಏಳೂ ಎ.ಸಿ.ಗಳನ್ನು ಒಂದೇ ದಿನ ಮಾರಿದವನು ಅವನೇ. ಸಿಕ್ಕಿದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಅಕ್ಕನಿಗೆ ಮಾವ ಎಂದರೆ ಪ್ರಾಣ. ಅವನು ಬಂದರೆ ಮನೆಗೆ ಮನೆಯೇ ನಗುತ್ತಿತ್ತು. ಅಪ್ಪನೊಬ್ಬ ನಗುತ್ತಿರಲಿಲ್ಲ, ಅವರಿಬ್ಬರದು ಎಣ್ಣೆ-ಸೀಗೆಕಾಯಿ.

"ಅವನು ಮಾರಿದ್ದಷ್ಟೇ ಅತ್ತೆ, ತಯಾರಿಸಿದ್ದಲ್ಲ," ಎಂದು ಮೆಲ್ಲಗೆ ಹೇಳಿ ಅಮ್ಮ ಬಚ್ಚಲಿಗೆ ಹೋದಳು, ನೆಲಕ್ಕೆ ಬಿದ್ದು ಕೊಳೆಯಾದ ಹೊದಿಕೆಯನ್ನು ಮೊದಲಿನಿಂದ ಒಗೆಯಲು.

ಸಂಜೆ ಅಪ್ಪ ಕೊಟೇಶನ್ ಚೀಟಿಯನ್ನು ಮುಂದಿಟ್ಟುಕೊಂಡು ಡಿಪೋದ ಅಚ್ಚಾದ ಹಾಳೆಯೊಂದನ್ನು ತೆಗೆದ. ಅವನಿಗೆ ಬರೀ ಕಾಗದದ ಮೇಲೆ ಬರೆಯಲು ಬರುತ್ತಿರಲಿಲ್ಲ, ಕೈಯೇ ಓಡುತ್ತಿರಲಿಲ್ಲ. ಮನೆಸಾಮಾನಿನ ಪಟ್ಟಿಯೂ ಡಿಪೋದ ಕೋಷ್ಟಕದಲ್ಲೇ ಆಗಬೇಕು. 'ಬಸ್ಸಿನ ಹೆಸರು' ಎಂಬಲ್ಲಿ 'ಅಯ್ಯೋ-ಪಾಪ' ಎಂದು ಬರೆದ. 'ಹೊರಡುವ ಸ್ಥಳ'ದ ಕೆಳಗೆ 'ಹಳೇ ಮಿಷನ್', 'ಮಾರ್ಗ'ದ ಕೆಳಗೆ 'ಕಂಪ್ರೆಸರ್ ಸಾವು', 'ತಲುಪುವ ಸ್ಥಳ'ದ ಕೆಳಗೆ 'ಹೊಸ ಮಿಷನ್', 'ದರ'ದ ಕೆಳಗೆ ನಲವತ್ತೆರಡು ಸಾವಿರ. ಕೊನೆಯ ಕಾಲಂ 'ಷರಾ'. ಅದರಲ್ಲಿ, 'ಎರಡೂವರೆ ಗಂಟೆ ಬೇಗ ಬಂದಿರುತ್ತಾರೆ' ಎಂದು ದಾಖಲಿಸಿದ.

ಅಕ್ಕ ಅಮ್ಮನ ಪಕ್ಕ ಹೋಗಿ ಕೂತಳು. "ಅಮ್ಮಾ, ಒಂದು ಮಾತು ಕೇಳ್ಲಾ?"

"ಕೇಳು ಕಂದ," ಎಂದಳು ಅಮ್ಮ, ಪಾಪುವಿನ ಬೆನ್ನಿಗೆ ಒದ್ದೆ ಬಟ್ಟೆ ಒತ್ತುತ್ತ. "ಏನು?"

"ಮೇಲೆ..."

"ಮೇಲೆ ಬಿಸಿಲಲ್ಲಿ ನಿಂತು ತೋರಿಸಿದ್ಯಲ್ಲ, ನನ್ನ ಬಂಗಾರ. ಇವಳಿಲ್ದಿದ್ರೆ ನಾನು ಪಾಪುನ್ನ ಕಂಕುಳಲ್ಲಿ ಇಟ್ಕೊಂಡು ಮೂರು ಮಹಡಿ ಹತ್ತಬೇಕಿತ್ತು ನೋಡಿ," ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಷರಾ ಕಾಲಮ್ಮಿನಿಂದ ತಲೆಯೆತ್ತಿ ಮೆಚ್ಚುಗೆಯಿಂದ ನೋಡಿದ. ಇಷ್ಟಾದ ಮೇಲೆ ಕೇಳುವುದು ಹೇಗೆ?

"ಏನಿಲ್ಲ ಬಿಡು," ಎಂದಳು ಅಕ್ಕ.

ಎರಡನೆಯವನು ಮರುದಿನ ಬಂದ. ಜೇಬಿನ ತುಂಬ ಸ್ಕ್ರೂಡ್ರೈವರು, ಮುಖದ ತುಂಬ ನಗು. ಏನು ಹೇಳಿದರೂ "ನೋ ಪ್ರಾಬ್ಲಂ". ತಂಪಾಗ್ತಿಲ್ಲ? ನೋ ಪ್ರಾಬ್ಲಂ. ಹಸುಗೂಸು ಇದೆ? ನೋ ಪ್ರಾಬ್ಲಂ. ಕುಡಿಯುವುದಕ್ಕೆ ಬರೀ ನೀರಿದೆ, ಚಹಾ ಪುಡಿ ಮುಗಿದಿದೆ? ನೋ ಪ್ರಾಬ್ಲಂ, ಆದರೆ ಒಂಚೂರು ಪ್ರಾಬ್ಲಂ ಎನ್ನುವ ಹಾಗೆ ನಕ್ಕ.

ಅಕ್ಕ ರಾತ್ರಿಯೆಲ್ಲ ಯೋಚಿಸಿದ್ದಳು. ಅಜ್ಜಿ ಹೇಳಿದ್ದು ಸರಿ. ಸತ್ತ ಪೆಟ್ಟಿಗೆ ನಮ್ಮದಾಗಿರಲಾರದು, ಗೋಡೆಯ ಮಿಷನ್ನು ಗಾಳಿ ಬಿಡುತ್ತಿದೆಯಲ್ಲ. ಹಾಗಾಗಿ ಈ ಸಲ ಅಳತೆ ಹಾಕಿದಳು. ಮನೆಯ ಬಾಗಿಲಿಂದ ಎ.ಸಿ.ಯ ಕೋಣೆಗೆ ಹನ್ನೊಂದು ಹೆಜ್ಜೆ. ತಾರಸಿಯ ಬಾಗಿಲಿಂದಲೂ ಹನ್ನೊಂದು ಹೆಜ್ಜೆ ಎಣಿಸಿ ನಿಂತಳು. ಕಾಲ ಬುಡದಲ್ಲಿದ್ದದ್ದು ಐದನೆಯ ಪೆಟ್ಟಿಗೆ.

"ಇದು," ಎಂದಳು. ದನಿಯಲ್ಲಿ ನಿನ್ನೆಗಿಂತ ಧೈರ್ಯವಿತ್ತು.

ನೋ-ಪ್ರಾಬ್ಲಂ ಕೊಳವೆ ಮುಟ್ಟಿ ಕೈ ಹಿಂದೆಗೆದುಕೊಂಡ. "ಐಸ್! ಐಸ್ ಇದ್ದಂಗಿದೆ ಕಣಮ್ಮ!"

ಕೆಳಗಿಳಿದು ಬಂದವನು ಅಮ್ಮನಿಗೆ ಶುಭವಾರ್ತೆ ಕೊಟ್ಟ. "ಮಿಷನ್ ಹೊಸ ಮದುಮಗನ ಥರ ಇದೆ ಮೇಡಂ. ಒಂದು ಸಣ್ಣ ಸರ್ವೀಸು, ಒಂಬೈನೂರು ಕೊಡಿ, ಸಾಕು. ಪ್ರಾಬ್ಲಂ ಮಿಷನ್ನಿಂದು ಅಲ್ಲ."

"ಮತ್ತೆ?"

"ನಿಮ್ಮ ಮನೇದು."

"ಅಂದ್ರೆ?"

"ತಂಪು ಬರ್ತಾ ಇದೆ ಮೇಡಂ. ನಿಮ್ಮ ಮನೆ ಅದನ್ನ ತಿಂದು ಹಾಕ್ತಿದೆ." ಕಿಟಕಿ ಸಂದಿ ಮುಚ್ಚಿ, ದಪ್ಪ ಪರದೆ ಹಾಕಿ, ಬಾಗಿಲು ತೆಗೆದು ಹಾಕಿ ಮಾಡುವುದನ್ನು ಕಡಿಮೆ ಮಾಡಿ ಎಂದ. ಹೋಗುವಾಗ ಅಜ್ಜಿಯ ಕಡೆ ನೋಡಿ, "ಮನೇಲಿ ಜನ ಉಸಿರಾಡಿದ್ರೂ ಬಿಸಿಯಾಗತ್ತೆ," ಎಂದೂ ಸೇರಿಸಿದ.

"ನಾನು ಉಸಿರಾಡೋದು ನಿಲ್ಲಿಸಿದ್ರೆ ಒಂಬೈನೂರರಲ್ಲಿ ಎಷ್ಟು ಕಡಿಮೆ ಮಾಡ್ತೀಯೋ?" ಎಂದಳು ಅಜ್ಜಿ.

ಸಂಜೆ ಅಪ್ಪನ ಹಾಳೆಗೆ ಎರಡನೆಯ ಬಸ್ಸು ಬಂತು. ನಲವತ್ತೆರಡು ಸಾವಿರದ ಕೆಳಗೆ ಒಂಬೈನೂರು ಬರೆದು ಅವನು ಎರಡನ್ನೂ ಬಹಳ ಹೊತ್ತು ದಿಟ್ಟಿಸಿದ. ಡಿಪೋದಲ್ಲಿ ಒಂದೇ ಊರಿಗೆ ಹೀಗೆ ಎರಡು ದರ ಇದ್ದಿದ್ದರೆ ಪ್ರಯಾಣಿಕರು ಕಲ್ಲು ಹೊಡೆಯುತ್ತಿದ್ದರು. "ಒಬ್ಬ ಸತ್ತಿದೆ ಅಂತಾನೆ, ಒಬ್ಬ ಮದುಮಗ ಅಂತಾನೆ. ಇಬ್ಬರಲ್ಲಿ ಒಬ್ಬ ಕಳ್ಳ," ಎಂದ. "ಮೂರನೆಯವರು ಬಂದು ಹೇಳ್ಲಿ, ಯಾರು ಅಂತ."

ಅಕ್ಕ ಅಜ್ಜಿಯ ಮಗ್ಗುಲಿಗೆ ಸರಿದಳು. ಅಮ್ಮನಿಗಿಂತ ಅಜ್ಜಿ ವಾಸಿ ಎನ್ನಿಸಿತು. ನೇರವಾಗಿ ಅಲ್ಲದಿದ್ದರೆ ಸುತ್ತುಬಳಸಿ ಕೇಳಬಹುದು. "ಅಜ್ಜಿ, ಒಬ್ರು ಗೊತ್ತು ಅಂತ ಹೇಳ್ಬಿಟ್ಟು, ಆಮೇಲೆ ಗೊತ್ತಿಲ್ಲ ಅಂದ್ರೆ ಏನಾಗತ್ತೆ?"

"ಯಾರು ಹಾಗಂದಿದ್ದು?"

"ಯಾರೂ ಅಲ್ಲ. ಸುಮ್ನೆ ಕೇಳ್ದೆ."

"ನಮ್ಮ ಮನೇಲಿ ಅಂಥೋರು ಯಾರೂ ಇಲ್ಲ ಕಣೇ," ಎಂದು ಅಜ್ಜಿ ಬೀಸಣಿಗೆ ಬೀಸಿದಳು. "ನಿಮ್ಮಪ್ಪ ಚಿಕ್ಕವನಿದ್ದಾಗ ಏನು ಕೇಳಿದ್ರೂ ಗೊತ್ತು ಅಂತಾನೇ ಹೇಳೋನು. ಒಂದ್ಸಲಾನಾದ್ರೂ ಗೊತ್ತಿಲ್ಲ ಅಂದದ್ದು ನಾನು ಕೇಳಿಲ್ಲ. ಒಂದ್ಸಲ ಸ್ಟೇಷನ್ನಿಗೆ ದಾರಿ ಗೊತ್ತು ಅಂತ ನಮ್ಮನ್ನೆಲ್ಲ ಕರ್ಕೊಂಡು ಹೋಗಿ ಸಂತೆಗೆ ಮುಟ್ಟಿಸಿದ್ದ. ಆದ್ರೂ ಗೊತ್ತಿಲ್ಲ ಅನ್ನಲಿಲ್ಲ ನೋಡು, ಗಂಡುಮಗ!"

ಅಪ್ಪ ಕೆಮ್ಮಿದ. ಅಕ್ಕ ಎದ್ದು ಹೋಗಿ ಪಾಪುವಿನ ತೊಟ್ಟಿಲ ಬಳಿ ನಿಂತು, ಅದರ ಕಿವಿಯಲ್ಲಿ, "ನಮ್ಮದು ಯಾವುದು ಅಂತ ನಂಗೆ ಗೊತ್ತಿಲ್ಲ," ಎಂದು ಪಿಸುಗುಟ್ಟಿದಳು. ಪಾಪು ಅವಳ ಮೂಗು ಹಿಡಿದುಕೊಂಡು ಜೊಲ್ಲು ಸುರಿಸಿತು. ಹೇಳುವುದಕ್ಕೇನೂ ಕಷ್ಟವಿಲ್ಲ, ಕೇಳಿಸಿಕೊಳ್ಳುವವರು ಮೂರು ತಿಂಗಳಿನವರಾಗಿದ್ದರೆ.

ಮೂರನೆಯವರು ಒಬ್ಬ ಹೆಂಗಸು. ನೆಟ್ಟಗೆ ಬಾಚಿ ಕಟ್ಟಿದ ಕೂದಲು, ಹೆಗಲಿಗೆ ಭಾರದ ಚೀಲ, ಚೀಲದ ತುಂಬ ಮೀಟರುಗಳು. ಬರುತ್ತಲೇ ಗೋಡೆಯ ಮಿಷನ್ನಿನ ಬಾಯಿಗೆ ಒಂದು ಮೀಟರ್ ಹಿಡಿದರು, ಸ್ವಿಚ್ಚಿಗೆ ಇನ್ನೊಂದು, ಪಾಪು ಅಳುತ್ತಿದೆಯೆಂದು ಕೋಣೆಯ ನಡುವೆ ಮತ್ತೊಂದು. ಮಾತು ಮಾತ್ರ ತೀರಾ ಕಡಿಮೆ. ಅಜ್ಜಿ ಆಗಲೇ ಅವರಿಗೆ ಮೀಟರಮ್ಮ ಎಂದು ಹೆಸರಿಟ್ಟಾಗಿತ್ತು.

ಮೆಟ್ಟಿಲು ಹತ್ತುವಾಗ ಅಕ್ಕನಿಗೆ ಕೈಕಾಲು ತಣ್ಣಗಾಗಿದ್ದವು. ಆ ಮನೆಯಲ್ಲಿ ಆ ವಾರ ತಣ್ಣಗಾದದ್ದು ಅವಷ್ಟೇ. ಸುಮ್ಮನಿರುವ ಪೆಟ್ಟಿಗೆ ಅಲ್ಲ. ಐಸಿನಂತಿರುವುದೂ ಅಲ್ಲ, ಅದು ನಮ್ಮದಾಗಿದ್ದರೆ ಪಾಪುವಿಗೆ ಬೆವರುಸಾಲೆ ಏಕೆ ಬರುತ್ತಿತ್ತು? ಉಳಿದ ಐದರಲ್ಲಿ ಮೊದಲನೆಯದು ಒಂದು ಗೇಣಿನಷ್ಟು ದೊಡ್ಡದಿತ್ತು. ಮನೆಯಲ್ಲಿ ಈಗ ಐದು ಜನ. ಕಟ್ಟಡದಲ್ಲೇ ಇಷ್ಟು ಜನ ಬೇರೆ ಯಾರ ಮನೆಯಲ್ಲೂ ಇಲ್ಲ. ದೊಡ್ಡ ಸಂಸಾರಕ್ಕೆ ದೊಡ್ಡ ಪೆಟ್ಟಿಗೆ.

"ಇದು?" ಎಂದಳು. ಈ ಸಲ ಅದು ಉತ್ತರವಾಗಿ ಹೊರಡದೆ ಅರ್ಧ ಪ್ರಶ್ನೆಯಾಗಿಯೇ ಹೊರಟಿತು. ಮೀಟರಮ್ಮ ಒಂದು ಗಳಿಗೆ ಅವಳನ್ನು ನೋಡಿ, ಬಗ್ಗಿ ಪೆಟ್ಟಿಗೆಯ ಮೈಮೇಲಿನ ಬರಹ ಓದಿದರು. ಇನ್ನೊಂದು ಸಲ ಓದಿದರು.

ಅಂದು ಅಪ್ಪ ಬೇಗ ಮನೆಗೆ ಬಂದಿದ್ದ. ಅವನ ಮುಂದೆ ಮೀಟರಮ್ಮ ನಿಂತು, "ಸರ್, ಇದನ್ನ ಯಾರು ಹಾಕಿಸಿದ್ದು?" ಎಂದರು.

"ಯಾಕೆ?"

"ಗೋಡೆ ಮೇಲಿರೋದು ಒಂದು ಟನ್ನಿಂದು. ಮೇಲಿರೋದು ಎರಡು ಟನ್ನಿಂದು. ಹನ್ನೆರಡು ವರ್ಷದ ಸರ್ವೀಸಲ್ಲಿ ಇಂಥ ಜೋಡಿ ನಾನು ನೋಡಿಲ್ಲ. ಗಂಡಿನ ಅಳತೆಗೂ ಹೆಣ್ಣಿನ ಅಳತೆಗೂ ಸಂಬಂಧಾನೇ ಇಲ್ಲ." ಸರಿಯಾದ ಪೆಟ್ಟಿಗೆ ಹಾಕಲು ಹದಿನೆಂಟೂವರೆ ಸಾವಿರ ಎಂದು ಬರೆದುಕೊಟ್ಟರು.

ಅಪ್ಪ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೂರನೆಯ ಬಸ್ಸಿನ ಷರಾ ಕಾಲಮ್ಮಿನಲ್ಲಿ ಅವನು ಬರೆದದ್ದು ಒಂದೇ ಪದ: 'ಭಾವಮೈದ'.

"ರೀ, ಅವನು ಅಂಥ ಕೆಲಸ ಮಾಡೋನಲ್ಲ," ಎಂದಳು ಅಮ್ಮ.

"ಏಳು ಮಿಷನ್ ಒಂದೇ ದಿನ ಮಾರಿದ್ನಲ್ಲ! ಹೆಚ್ಚಿಗೆ ಉಳಿದಿದ್ದನ್ನ ಸ್ವಂತ ಅಕ್ಕನ ತಲೆಗೇ ಕಟ್ಟಿದಾನೆ. ಎಷ್ಟೇ ಆಗಲಿ, ಭಾವ ಅಲ್ವಾ, ಏನೂ ಅನ್ನಲ್ಲ ಅಂತ."

"ಮೊದಲು ಸರಿಯಾಗಿ ವಿಚಾರಿಸಿ..."

"ವಿಚಾರಿಸ್ತೀನಿ. ಡಿಪೋದಲ್ಲಿ ಒಂದು ಬಸ್ಸಿನ ಬಗ್ಗೆ ಮೂರು ಜನ ಮೂರು ಥರ ಹೇಳಿದ್ರೆ ನಾವೇನು ಮಾಡ್ತೀವಿ? ಮೂರೂ ಜನರನ್ನ ತಂದು ಬಸ್ಸಿನ ಮುಂದೆ ನಿಲ್ಲಿಸ್ತೀವಿ. ಭಾನುವಾರ ಎಲ್ಲರೂ ಬರ್ಲಿ. ಅವನೂ ಬರ್ಲಿ."

ರಾತ್ರಿ ಊಟದ ಪಾತ್ರೆ ತೊಳೆಯುತ್ತ ಅಮ್ಮ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡಿದಳು. "ಸಿಟ್ಟಾಗ್ಬೇಡ ಕಣೋ. ಒಂದ್ಸಲ ಬಂದು ಹೇಳಿ ಹೋಗು... ನಾನು ನಂಬಿದೀನೋ ಇಲ್ವೋ ಅಂತ ಯಾಕೆ ಕೇಳ್ತೀಯ?" ನಲ್ಲಿಯ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ನೀರು ಹಾಗೆ ಬಿಡುವವಳಲ್ಲ ಅಮ್ಮ. ಅಕ್ಕ ಹೋಗಿ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಈಗ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಅಮ್ಮ ಒದ್ದೆ ಕೈಯಲ್ಲೇ ಅವಳ ತಲೆ ಸವರಿ, "ನೀನೊಬ್ಬಳು ನನಗೆ ಆಸರೆ," ಎಂದಳು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಭಾನುವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ಬೀಗದ ಕೈ ಹಿಡಿದ ಅಕ್ಕ, ಅವಳ ಹಿಂದೆ ಹಾಳೆ ಹಿಡಿದ ಅಪ್ಪ, ಅವನ ಹಿಂದೆ ಒಬ್ಬರ ಮುಖ ಒಬ್ಬರು ನೋಡದ ಮೂವರು ರಿಪೇರಿಯವರು. ಆಮೇಲೆ ಇಸ್ತ್ರಿ ಮಾಡಿದ ಅಂಗಿಯ, ಗಂಟು ಮುಖದ ಮಾವ. ಬರುವಾಗ ಅಕ್ಕನ ಜಡೆ ಎಳೆಯದೆ ಇದ್ದದ್ದು ಇದೇ ಮೊದಲು. ಕೊನೆಯಲ್ಲಿ ಪಾಪುವನ್ನೆತ್ತಿಕೊಂಡ ಅಮ್ಮ. ಅಜ್ಜಿ ಮಂಡಿ ಹಿಡಿದುಕೊಂಡು ಎರಡೆರಡು ಮೆಟ್ಟಿಲಿಗೊಮ್ಮೆ ಕೂರುತ್ತ, "ನಾನು ಬರೋತನಕ ಯಾರೂ ಜಗಳ ಶುರು ಮಾಡ್ಬೇಡಿ," ಎಂದು ಕೂಗುತ್ತಿದ್ದಳು.

ಅಕ್ಕ ಬೀಗ ತೆರೆದಳು. "ಹೋಗಿ, ನೀವು ನೋಡಿದ್ದನ್ನ ನನ್ನ ಮುಂದೆ ತೋರಿಸಿ," ಎಂದ ಅಪ್ಪ.

ಮೂವರೂ ನಡೆದರು. ಅಯ್ಯೋ-ಪಾಪ ಮೂರನೆಯ ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತರು. ನೋ-ಪ್ರಾಬ್ಲಂ ಐದನೆಯದರ ಬೆನ್ನು ತಟ್ಟಿದ. ಮೀಟರಮ್ಮ ಮೊದಲನೆಯದರ ಪಕ್ಕ ಚೀಲ ಇಳಿಸಿದರು. ಆಮೇಲೆ ಮೂವರೂ ತಿರುಗಿ ಒಬ್ಬರನ್ನೊಬ್ಬರು ನೋಡಿದರು.

"ರೀ ಹಿರಿಯರೇ, ಅಲ್ಲೇನು ಮಾಡ್ತಿದೀರಿ? ಮಿಷನ್ ಇಲ್ಲಿದೆ," ಎಂದ ನೋ-ಪ್ರಾಬ್ಲಂ.

"ಅಯ್ಯೋ ಪಾಪ, ಇನ್ನೂ ಎಳೆ ಹುಡುಗ, ಬದುಕಿರೋದಕ್ಕೂ ಸತ್ತಿರೋದಕ್ಕೂ ವ್ಯತ್ಯಾಸ ಗೊತ್ತಾಗ್ತಿಲ್ಲ."

ಅಪ್ಪ ಹಾಳೆಯನ್ನೊಮ್ಮೆ, ಪೆಟ್ಟಿಗೆಗಳನ್ನೊಮ್ಮೆ ನೋಡಿದ. "ಇದೇ ನಮ್ಮದು ಅಂತ ನಿಮಗೆ ಯಾರು ಹೇಳಿದ್ದು?"

ಅಕ್ಕ ಕಣ್ಣು ಮುಚ್ಚಿಕೊಂಡಳು. ಆಯಿತು. ಇನ್ನು ಪುಟ್ಟಿ.

"ಹೇಳ್ಬೇಕಾ ಸ್ವಾಮಿ?" ಎಂದರು ಅಯ್ಯೋ-ಪಾಪ ಎದೆಯುಬ್ಬಿಸಿ. "ಮೂವತ್ತು ವರ್ಷದಿಂದ ಇದೇ ಕೆಲಸ. ನೋಡಿದ ಕೂಡ್ಲೇ ಗೊತ್ತಾಯ್ತು."

"ನಾನು ಕಿವಿಯಲ್ಲೇ ಕಂಡುಹಿಡಿದೆ," ಎಂದ ನೋ-ಪ್ರಾಬ್ಲಂ. "ಕಣ್ಣು ಬೇಕಾಗಲೇ ಇಲ್ಲ."

ಉಳಿದದ್ದು ಮೀಟರಮ್ಮ. "ನನಗೆ ಇದನ್ನ..." ಎಂದು ಶುರು ಮಾಡಿದವರು ಅಕ್ಕನ ಕಡೆ ತಿರುಗಿದರು. ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಸುಕುತ್ತ ನಿಂತಿದ್ದಳು ಅವಳು. ಮೀಟರಮ್ಮ ಗಂಟಲು ಸರಿಮಾಡಿಕೊಂಡರು. "ಇದನ್ನ ನಾನೇ ನೋಡ್ಕೊಂಡೆ," ಎಂದರು.

ಅಕ್ಕನಿಗೆ ನಂಬಲಾಗಲಿಲ್ಲ. ಯಾರೂ ಅವಳ ಹೆಸರೆತ್ತಲಿಲ್ಲ! ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಸಾಕು, ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ.

"ನೋಡಿ ಮತ್ತೆ," ಎಂದ ಅಪ್ಪ ಮಾವನ ಕಡೆ ತಿರುಗಿ. "ಮೀಟರಿಟ್ಟು ಅಳೆದವರು ಇವರೊಬ್ರೇ. ಎರಡು ಟನ್ ಅಂತ ಬರೆದೇ ಇದೆ. ಏನಂತೀರಿ?"

"ಅದು ನಿಮ್ಮದಲ್ಲ ಭಾವ! ನಾನು ನಿಮಗೆ ಕೊಟ್ಟಿದ್ದು ಇದು," ಎಂದು ಮಾವ ಎರಡನೆಯ ಪೆಟ್ಟಿಗೆಯ ನೆತ್ತಿಗೆ ಗುದ್ದಿದ.

"ಕೂರಿಸೋ ದಿನ ನೀವು ಇಲ್ಲಿ ಇದ್ರಾ?"

"ಅಂಗಡಿ ಹುಡುಗರು ಬಂದಿದ್ರು. ಆದ್ರೂ ನಾನು ಮಾರಿದ ಮಾಲು ನನಗೆ ಗೊತ್ತಾಗಲ್ವಾ?"

"ನಮ್ಮ ಮನೆ ಮಾಲು ನನಗೆ ಗೊತ್ತಿಲ್ವಾ? ನಮ್ಮದು ಆ ಕಡೆಯಿಂದ ಎರಡನೇದು!" ಅಪ್ಪ ದಾಪುಗಾಲು ಹಾಕಿ ಆರನೆಯದರ ಪಕ್ಕ ನಿಂತ. ಅಪ್ಪನೂ ತಾರಸಿಗೆ ಬಂದು ಆರು ವರ್ಷವಾಗಿದೆ ಎಂದು ಅವನ ಬೂಟಿನ ಮೊದಲ ಗುರುತು ಈಗಷ್ಟೇ ಬಿದ್ದ ದಪ್ಪ ದೂಳೇ ಹೇಳುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದು ತಲುಪಿ ಹೊಸ್ತಿಲ ಮೇಲೆ ಕುಸಿದು ಕೂತು, ಬೀಸಣಿಗೆಯ ತುದಿಯನ್ನು ನಾಲ್ಕನೆಯದಕ್ಕೆ ಗುರಿಯಿಟ್ಟಳು. "ನಟ್ಟನಡುವಿಂದು ಕಣೋ! ಹಾಕಿದ ದಿನ ಕಣ್ಣಾರೆ ನೋಡಿದೀನಿ."

"ಅಮ್ಮಾ, ಆ ದಿನ ನೀವು ಊರಲ್ಲೇ ಇರ್ಲಿಲ್ಲ!" ಎಂದ ಅಪ್ಪ.

"ಇಲ್ದಿದ್ರೇನು, ಗೊತ್ತಾಗಲ್ವಾ?"

ಏಳು ಪೆಟ್ಟಿಗೆಗಳಲ್ಲಿ ಆರಕ್ಕೆ ಒಡೆಯರು ಸಿಕ್ಕಿದ್ದರು. ಹೊಸ್ತಿಲಲ್ಲಿದ್ದ ಅಜ್ಜಿಯೊಬ್ಬಳನ್ನುಳಿದು ಎಲ್ಲರೂ ತಮ್ಮ ತಮ್ಮದರ ಮೇಲೆ ಕೈಯಿಟ್ಟುಕೊಂಡು, ಬಿಟ್ಟರೆ ಇನ್ಯಾರೋ ಎತ್ತಿಕೊಂಡು ಓಡಿಹೋಗುತ್ತಾರೆ ಎನ್ನುವ ಹಾಗೆ ನಿಂತು ಕೂಗಾಡುತ್ತಿದ್ದರು. ಏಳನೆಯದು ಮಾತ್ರ ಅನಾಥವಾಗಿ ಮೂಲೆಯಲ್ಲಿ ಗೊರಗೊರ ಎನ್ನುತ್ತಿತ್ತು.

ಅಕ್ಕ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಎಲ್ಲರ ಮುಖದಲ್ಲೂ ಅವಳಿಗೆ ಚೆನ್ನಾಗಿ ಪರಿಚಯವಿದ್ದ ಒಂದು ಗೆರೆ ಇತ್ತು. 'ಓ, ಗೊತ್ತು' ಎಂದು ಹೇಳಿ ಮೆಟ್ಟಿಲು ಹತ್ತುವಾಗ ಅವಳ ಮುಖದಲ್ಲೂ ಅದೇ ಇದ್ದಿರಬೇಕು. ಅವಳು ತಿರುಗಿ ಅಮ್ಮನ ಕಡೆ ನೋಡಿದಳು. ಅಮ್ಮ ಯಾವ ಪೆಟ್ಟಿಗೆಯ ಮೇಲೂ ಕೈಯಿಟ್ಟಿರಲಿಲ್ಲ. ಪಾಪುವಿನ ತಲೆಗೆ ಬಿಸಿಲು ಬೀಳದ ಹಾಗೆ ಅಂಗೈ ಅಡ್ಡ ಹಿಡಿದು ತಮ್ಮನನ್ನೇ ನೋಡುತ್ತಿದ್ದಳು.

"ಸರಿ ಭಾವ," ಎಂದ ಮಾವ. ದನಿ ಇಳಿದಿತ್ತು, ಕೂಗಾಟಕ್ಕಿಂತ ಅದು ಹೆಚ್ಚು ಹೆದರಿಸುವಂತಿತ್ತು. "ನಾನು ಮೋಸಗಾರ ಅಂತಾನೇ ಇಟ್ಕೊಳ್ಳಿ. ಇನ್ನು ಮೇಲೆ ಈ ಮನೆ ಮೆಟ್ಟಿಲು ತುಳಿಯಲ್ಲ." ಅಮ್ಮನ ಕಡೆ ತಿರುಗಿ, "ಬರ್ತೀನಿ ಅಕ್ಕ," ಎಂದ.

ಅವನು ಬಾಗಿಲ ಕಡೆ ನಡೆದ. ಹೊಸ್ತಿಲಲ್ಲಿ ಅಜ್ಜಿ ಕೂತಿದ್ದಳು. ಏಳಲು ಅವಳಿಗೆ ಕಾಲು ನಿಮಿಷವಾದರೂ ಬೇಕು. ಅಮ್ಮ ಒಂದು ಹೆಜ್ಜೆ ಮುಂದಿಟ್ಟಳು, ಅಷ್ಟಕ್ಕೇ ನಿಂತಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು.

"ಮಾವಾ, ನಿಂತ್ಕೋ!"

ಎಲ್ಲರೂ ತಿರುಗಿದರು. ಅಕ್ಕ ತಾರಸಿಯ ನಡುವಿಗೆ ಬಂದು ನಿಂತಿದ್ದಳು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು, ಬಿಸಿಲಿಗಷ್ಟೇ ಅಲ್ಲ.

"ಇವರು ಮೂರು ಜನಕ್ಕೂ ತೋರಿಸಿದ್ದು ನಾನೇ," ಎಂದಳು. "ಒಬ್ಬೊಬ್ಬರಿಗೆ ಒಂದೊಂದು ತೋರಿಸ್ದೆ. ಗೊತ್ತು ಅಂತ ಸುಳ್ಳು ಹೇಳಿದ್ದೆ. ನಂಗೆ ಗೊತ್ತಿಲ್ಲ."

ನೋ-ಪ್ರಾಬ್ಲಂ ತನ್ನ ಕಿವಿ ಮುಟ್ಟಿಕೊಂಡ. ಅಯ್ಯೋ-ಪಾಪ ಆಕಾಶ ನೋಡಿದರು. ಅಪ್ಪ ಬಾಯಿ ತೆರೆದ. ಅವನೇನಾದರೂ ಹೇಳಿಬಿಡುವ ಮೊದಲೇ ಅಕ್ಕ ಒಂದೇ ಉಸಿರಿಗೆ, ಇಡೀ ಕಟ್ಟಡಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು:

"ನಿಮ್ಮಲ್ಲಿ ನಿಜವಾಗ್ಲೂ ಗೊತ್ತಿರೋರು ಯಾರಾದ್ರೂ ಇದೀರಾ? ಈ ಏಳರಲ್ಲಿ ನಮ್ಮದು ಯಾವುದು?"